ಐಸ್ ಪಕ್ಷ, ಶಾಖ ಪಕ್ಷ

ಮೂಳೆ ಮುರಿದರೆ ನೋಡಲು ಬಂದವರು ಸುಮ್ಮನಿರುತ್ತಾರೆ. ಅದು ಡಾಕ್ಟರ ಪಾಲಿನ ವಿಷಯ. ಕಾಲು ಉಳುಕಿದರೆ ಮಾತ್ರ ಯಾರಿಗೂ ಬಾಯಿ ಕಟ್ಟಿಕೊಂಡಿರಲು ಆಗುವುದಿಲ್ಲ. ಹಾಲು ಹಾಕುವವನಿಂದ ಹಿಡಿದು ಮೀಟರ್ ಓದಲು ಬಂದವನವರೆಗೆ ಎಲ್ಲರ ಹತ್ತಿರವೂ ಒಂದು ಔಷಧ ಇದ್ದೇ ಇರುತ್ತದೆ. ಕೊನೆಯ ಮೆಟ್ಟಿಲಲ್ಲಿ ನನ್ನ ಪಾದ ಹೊರಳಿ ಕೀಲು ಊದಿಕೊಂಡಾಗ ನಮ್ಮ ಮನೆಯೇ ಎರಡು ಪಕ್ಷವಾಯಿತು. ಮಗಳು ಫ್ರಿಜ್ಜಿಗೆ ಓಡಿದಳು, ಅತ್ತೆ ಒಲೆ ಹಚ್ಚಿದರು.

"ಥಂಡಿ ಇಟ್ರೆ ನೋವು ಮೂಳೆಗೆ ಇಳಿಯುತ್ತಮ್ಮಾ" ಎಂದರು ಅತ್ತೆ. "ಅಜ್ಜಿ, ಎರಡು ದಿನ ಬಿಸಿ ಮುಟ್ಟಿಸೋ ಹಾಗಿಲ್ಲ" ಎಂದಳು ಮಗಳು.

ಆ ಹೊತ್ತಿಗೆ ಮಗಳ ಮಾತೇ ಸರಿ. ಉಳುಕಿದ ಜಾಗದಲ್ಲಿ ಸಣ್ಣ ರಕ್ತನಾಳಗಳು ಹರಿದು ಒಳಗೇ ರಕ್ತ, ನೀರು ಜಿನುಗುತ್ತಿರುತ್ತದೆ. ತಂಪು ತಾಗಿದರೆ ನಾಳಗಳು ಮುದುಡುತ್ತವೆ, ನರವೂ ಮಂಕಾಗಿ ನೋವಿನ ಸುದ್ದಿಯನ್ನು ನಿಧಾನವಾಗಿ ಒಯ್ಯುತ್ತದೆ. ಬಿಸಿ ತಾಗಿದರೆ ನಾಳಗಳು ಅಗಲವಾಗಿ ಊತ ಇನ್ನಷ್ಟು ಏರುತ್ತದೆ. ಐಸನ್ನು ಬರೀ ಚರ್ಮಕ್ಕೆ ಒತ್ತದೆ ಬಟ್ಟೆಯಲ್ಲಿ ಸುತ್ತಿ, 15–20 ನಿಮಿಷ ಇಟ್ಟು ತೆಗೆದರಾಯಿತು.

ಹಾಗೆಂದು ಐಸ್ ಪಕ್ಷದ ಪ್ರಣಾಳಿಕೆಯೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಿಸಿ ಇಡುವುದು — ಈ ನಾಲ್ಕನ್ನು ಸೇರಿಸಿ 'ರೈಸ್' ಎಂಬ ಸೂತ್ರ ಕಟ್ಟಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ಜಗತ್ತಿನ ಕೋಚ್‌ಗಳೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡ ಎಷ್ಟೋ ವರ್ಷದ ಮೇಲೆ ಅವರೇ ರಾಗ ಬದಲಿಸಿದರು: ಊತವೆಂದರೆ ದೇಹ ತಾನೇ ನಡೆಸುವ ರಿಪೇರಿ, ಹೆಚ್ಚು ಹೊತ್ತು ಐಸ್ ಇಟ್ಟರೆ ವಾಸಿಯಾಗುವುದು ತಡವಾಗಬಹುದು, ನೋವು ತಡೆಯಲಾಗದಿದ್ದರೆ ಸ್ವಲ್ಪ ಹೊತ್ತು ಇಟ್ಟರೆ ಸಾಕು ಎಂದು. ಈ ಸುದ್ದಿಯನ್ನು ನಾನು ಅತ್ತೆಯವರಿಗೆ ಮುಟ್ಟಿಸಲಿಲ್ಲ. ಮನೆಯಲ್ಲಿ ಶಾಂತಿ ಮುಖ್ಯ.

ಶಾಖ ಪಕ್ಷದ ಹುಟ್ಟು ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಅತ್ತೆಯವರ ಕಾಲದಲ್ಲಿ ಮನೆಯಲ್ಲಿ ಸದಾ ಸಿಗುತ್ತಿದ್ದದ್ದು ಬೆಂಕಿ. ಐಸ್ ಇದ್ದದ್ದು ಕ್ಯಾಂಡಿ ಮಾರುವವನ ಸೈಕಲ್ಲಿನ ಡಬ್ಬದಲ್ಲಿ. ಹೀಗಾಗಿ ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ, ಲಕ್ಕಿ ಸೊಪ್ಪು, ಉಪ್ಪಿನ ಗಂಟು, ಎಲ್ಲವೂ ಒಲೆಯ ಕಡೆಯವೇ.

ಊತ ಇಳಿದು ಕೀಲು ಬಿಗಿದುಕೊಂಡ ಮೇಲೆ ಅತ್ತೆಯವರ ಸರದಿ ಬಂತು. ಬಿಗಿದ ಸ್ನಾಯುವನ್ನು ಸಡಿಲಿಸಲು ಬಿಸಿಯೇ ಹಿತ ಎಂಬುದನ್ನು ಮಗಳೂ ಒಪ್ಪಿದಳು. ಬಾಣಲೆಯಲ್ಲಿ ಹರಳುಪ್ಪು ಚಟಪಟ ಅನ್ನುವವರೆಗೆ ಹುರಿದು, ಮಾವನವರ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ಗಂಟು ಮೊದಲು ತಾಗಿದ್ದು ಅವರದೇ ಮುಂಗೈಯ ಒಳಭಾಗಕ್ಕೆ. ಒಂದು ಕ್ಷಣ ತಡೆದು, ನನ್ನ ಪಾದಕ್ಕೆ ಒತ್ತಿ, ಎತ್ತಿ, ಮತ್ತೆ ಒತ್ತಿ. "ಚುರ್ರ್ ಅಂತಾ? ತಡಿ." ಆರಿದರೆ ಎದ್ದು ಹೋಗಿ ಇನ್ನೊಂದು ಗಂಟು. ನಡುವೆ ನಾದಿನಿಯ ಬಾಣಂತನದ ಕತೆ, ಯಾರದೋ ಮದುವೆಯಲ್ಲಿ ಸಾರು ಸಾಲದೇ ಹೋದದ್ದು. ಐಸ್ ಪ್ಯಾಕಿನದು ಹಾಗಲ್ಲ. ಅದನ್ನು ಕಾಲಿಗೆ ಕಟ್ಟಿ ಮಗಳು ಆಫೀಸಿಗೆ ಹೋಗಿಬಿಡುತ್ತಾಳೆ. ಶಾಖ ಕೊಡಲು ಮಾತ್ರ ಒಬ್ಬರು ಪಕ್ಕದಲ್ಲಿ ಕೂರಲೇಬೇಕು. ಯಾವುದರಿಂದ ಎಷ್ಟು ಗುಣವಾಯಿತು ಎಂದು ಕೇಳಿದರೆ ನಾನು ಹೇಳಲಾರೆ, ಯಾವುದು ಬೇಕು ಎಂದು ಕೇಳಿದರೆ ಹೇಳಬಲ್ಲೆ.

ಮುಲಾಮು ಮಾತ್ರ ಎರಡೂ ಕಡೆ ಕಾಲಿಟ್ಟ ಪಕ್ಷಾಂತರಿ. ಹಚ್ಚಿದರೆ ತಣ್ಣಗೆನ್ನಿಸುತ್ತದೆ, ಚರ್ಮ ತಣ್ಣಗಾಗಿರುವುದಿಲ್ಲ. ಅದರಲ್ಲಿನ ಮೆಂಥಾಲ್, ಚಳಿಯನ್ನು ಗುರುತಿಸುವ ನರದ ಬಾಗಿಲನ್ನೇ ಹೋಗಿ ತಟ್ಟುತ್ತದೆ. ಬಿಸಿಯ ಬಾಗಿಲನ್ನು ಮೆಣಸಿನಕಾಯಿಯ ಖಾರ ತಟ್ಟುತ್ತದೆ. ಈ ಬಾಗಿಲುಗಳನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ, ಆರ್ಡೆಮ್ ಪಟಪೂಟಿಯನ್ ಅವರ ಜೊತೆ, 2021ರ ನೊಬೆಲ್ ಬಂತು.

ಪಕ್ಷೇತರರೂ ಇದ್ದಾರೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅತ್ತೆಯವರ ಊರಿನಲ್ಲಿ ಅಂಥವರೊಬ್ಬರಿದ್ದರಂತೆ, ಬೆಳಗಾದರೆ ಅವರ ಜಗಲಿಯಲ್ಲಿ ಸೊಂಟ ಹಿಡಿದುಕೊಂಡವರು ಒದೆಸಿಕೊಳ್ಳಲು ಸಾಲುಗಟ್ಟುತ್ತಿದ್ದರಂತೆ. ಈಗ ಮಗು ಕಾಲು ಮುಂದಾಗಿದೆ ಎಂದು ಗೊತ್ತಾದರೆ ಹೆಚ್ಚಿನ ಕಡೆ ಸಿಸೇರಿಯನ್. "ಇನ್ನು ಸೊಂಟ ಉಳುಕಿದವರು ಯಾರ ಮನೆಗೆ ಹೋಗ್ಬೇಕೋ ಕಾಣೆ" ಎಂದು ಅತ್ತೆ ನಿಜವಾಗಿಯೂ ಚಿಂತೆಯಲ್ಲಿದ್ದಾರೆ.