ಬೆನ್ನ ಹಿಂದೆ ಏನನ್ನೂ ಬಚ್ಚಿಡದ ಕ್ಯಾಮೆರಾ

ಮಾಮೂಲಿ ಫೋಟೋಗೆ ಅಂಗಡಿ ರೆಡಿ ಮಾಡೋದು ಸುಲಭ. ಎದುರಿಗೆ ಕಾಣೋದನ್ನು ಒರೆಸಿ, ಉಳಿದದ್ದನ್ನೆಲ್ಲ ಕ್ಯಾಮೆರಾ ಹಿಡಿದವನ ಬೆನ್ನ ಹಿಂದೆ ತಳ್ಳಿದರಾಯ್ತು. 360 ಡಿಗ್ರಿ ಕ್ಯಾಮೆರಾದ ಹತ್ರ ಈ ಆಟ ನಡೆಯಲ್ಲ. ಅದರಲ್ಲಿ ಎರಡು ಫಿಶ್‌ಐ ಲೆನ್ಸ್ ಒಂದಕ್ಕೊಂದು ಬೆನ್ನು ಹಚ್ಚಿ ಕೂತಿರುತ್ತವೆ. ಒಂದೊಂದೂ 180 ಡಿಗ್ರಿಗಿಂತ ತುಸು ಹೆಚ್ಚೇ ನೋಡುತ್ತೆ, ಎರಡಕ್ಕೂ ಕಂಡ ಅಂಚನ್ನು ಸಾಫ್ಟ್‌ವೇರ್ ಹೊಲಿಯುತ್ತೆ. ಮೂಲೆಯ ಪೊರಕೆ, ಸೀಲಿಂಗಿನ ಜೇಡರ ಬಲೆ ಎಲ್ಲವೂ ಬರುತ್ತೆ. ಫೋಟೋ ತೆಗೆಯುವ ನಾವೇ ಗೋಡೆ ಆಚೆ ಹೋಗಿ, ಮೊಬೈಲಿಂದ ಕ್ಲಿಕ್ ಮಾಡಬೇಕು.

ನಾವು ನಾಲ್ಕು ಜನ, ಮೂರು ಬ್ರಾಂಚು, ಒಂದು ಬಾಡಿಗೆ ಕ್ಯಾಮೆರಾ. ಒಪ್ಪಿಕೊಂಡಿದ್ದು ಎರಡು ಕೆಲಸ: ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲು, ಹರಿಹರದ ಒಂದು ಲೇತ್ ವರ್ಕ್‌ಶಾಪು.

ಮೊದಲು ಸ್ವಲ್ಪ ಹಿನ್ನೆಲೆ. ಗೂಗಲ್ ಸ್ಟ್ರೀಟ್ ವ್ಯೂ 2007ರಲ್ಲೇ ಶುರುವಾಗಿತ್ತು. 2011ರಲ್ಲಿ ಬೆಂಗಳೂರಿನ ರಸ್ತೆಗಳಿಗೆ ಅದರ ಕಾರು ಇಳಿದಾಗ ಪೊಲೀಸರು ತಡೆದರು. ಕೊನೆಗೆ 2022ರ ಜುಲೈನಲ್ಲಿ, ಇಲ್ಲಿನ ಕಂಪನಿಗಳ ಜೊತೆ ಸೇರಿ ಹತ್ತು ಊರುಗಳಲ್ಲಿ ಮತ್ತೆ ಶುರುಮಾಡಿದರು. ಆ ಕಾರು ಓಡಾಡೋದು ರಸ್ತೆ ಮೇಲೆ. ಅಂಗಡಿಯ ಹೊಸ್ತಿಲು ದಾಟಿ ಒಳಗೆ ಹೋಗಬೇಕಾದರೆ ಮಾಲೀಕರ ಒಪ್ಪಿಗೆ ಬೇಕು, ಟ್ರೈಪಾಡ್ ಹೊತ್ತ ನಮ್ಮಂಥವರು ಬೇಕು.

ಹೋಟೆಲಿಗೆ ನಾವು ಕೇಳಿದ್ದು ಮಧ್ಯಾಹ್ನ ಮೂರರ ಹೊತ್ತು. ಬೆಳಗಿನ ರಶ್ ಮುಗಿದಿರುತ್ತೆ, ಸಂಜೆಯದು ಶುರುವಾಗಿರಲ್ಲ. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಇಟ್ಟು, ಎರಡು ಮೀಟರಿಗೊಂದರಂತೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆವು. ಹೊಸ್ತಿಲ ಮೇಲೇ ಒಂದು ಶಾಟ್ ಇರಲೇಬೇಕು, ಇಲ್ಲಾಂದ್ರೆ ನೋಡುವವರು ರಸ್ತೆಯಿಂದ ಗೋಡೆ ತೂರಿ ಒಳಗೆ ಬಂದ ಹಾಗಾಗುತ್ತೆ. ಮೊದಲ ಶಾಟಿಂದ ಕೊನೆಯ ಶಾಟಿನ ತನಕ ಒಂದು ಕುರ್ಚಿಯೂ ಅಲುಗಬಾರದು. ಟ್ಯೂಬ್‌ಲೈಟಿಗೆ ಬೇರೆ ಲೆಕ್ಕ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ಅದಕ್ಕೇ ಶಟರ್ 1/50 ಅಥವಾ 1/100ಕ್ಕೆ ಕಟ್ಟಿದೆವು. ಬೇಸಿಕ್ ಎಲೆಕ್ಟ್ರಿಕಲ್ ಪಾಠ ಪರೀಕ್ಷೆ ಆಚೆಗೂ ಉಪಯೋಗಕ್ಕೆ ಬಂತು.

ಕಷ್ಟ ಬಂದದ್ದು ಗೋಡೆಯ ವಿಷಯಕ್ಕೆ. ಸೌದೆ ಒಲೆಯ ಹಿಂದಿನ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಮಾಲೀಕರಿಗೆ ಅದಕ್ಕೊಂದು ಫ್ಲೆಕ್ಸ್ ಕಟ್ಟುವ ಆಸೆ. 'ನೋಡಿದೋರು ಗಲೀಜು ಅಂತಾರಪ್ಪ' ಅಂದರು. ಅವರ ಭಯ ಸುಳ್ಳಲ್ಲ. ಮೊಬೈಲಿನಲ್ಲಿ ನೋಡುವವನಿಗೆ ದೋಸೆಯ ವಾಸನೆ ಬರಲ್ಲ, ಕಪ್ಪು ಗೋಡೆ ಮಾತ್ರ ಕಾಣುತ್ತೆ. ಆದರೆ ಸೌದೆ ಒಲೆಯ ದೋಸೆ ಅಂತಲೇ ಬೋರ್ಡ್ ಹಾಕಿ, ಹೊಗೆಯನ್ನು ಮುಚ್ಚಿಟ್ಟರೆ ಏನು ಬಂತು? ಗಲೀಜು ಬೇರೆ, ಬಳಕೆಯ ಗುರುತು ಬೇರೆ ಅಂತ ಮಾತಾಡಿ, ಜಿಡ್ಡು ಮಾತ್ರ ಬಿಸಿನೀರು ಸೋಡಾ ಹಾಕಿ ತಿಕ್ಕಿಸಿದೆವು. ಮಸಿ ಉಳಿಯಿತು. ರೇಟಿನ ಬೋರ್ಡು ತೆಗೆಸಿದೆವು. ರೇಟು ಬದಲಾಗುತ್ತೆ, ಟೂರು ವರ್ಷಗಟ್ಟಲೆ ಹಾಗೇ ಇರುತ್ತೆ. ಗೋಡೆಯ ಕ್ಯಾಲೆಂಡರಿಗೂ ಅದೇ ಗತಿ.

ಆಮೇಲೆ ದೋಸೆ ಹುಯ್ಯುವ ಅಣ್ಣ ತಲೆ ಬಾಚ್ಕೊಂಡು, ಹೊಸ ಶರ್ಟ್ ಹಾಕ್ಕೊಂಡು ಬಂದು ಕಾವಲಿ ಹತ್ರ ನಿಂತರು. ಅಪ್‌ಲೋಡ್ ಮಾಡುವಾಗ ಮುಖ ಮಸುಕು ಮಾಡ್ತೀವಿ ಅಂತ ನಾವು ಹೇಳಲೇಬೇಕಾಯ್ತು. 'ಇಪ್ಪತ್ತು ವರ್ಷದಿಂದ ನಾನೇ ಹುಯ್ಯೋದು. ನನ್ ಮುಖ ಯಾಕ್ರಪ್ಪ ಮುಚ್ತೀರಿ? ಕಾವಲಿ ಮುಖ ಮಾತ್ರ ಕಾಣ್ಬೇಕಾ?' ಅಂದ್ರು. ನಾಲ್ಕು ಜನಕ್ಕೂ ಮಾತು ಹೊರಡಲಿಲ್ಲ. ಪ್ರೈವೆಸಿ ಅನ್ನೋದು ಮುಖ ಬೇಡ ಅನ್ನುವವರ ಹಕ್ಕು, ಸರಿ. ಬೇಕು ಅನ್ನುವವರಿಗೆ? ಅವರನ್ನೇ ಕೇಳಿ, ಮಾಲೀಕರನ್ನೂ ಒಪ್ಪಿಸಿ, ಅವರದ್ದೊಂದು ಬೇರೆ ಫೋಟೋ ತೆಗೆದೆವು. ಅದು ಹೋಟೆಲಿನ ಫೋಟೋಗಳ ಸಾಲಿನಲ್ಲಿ ಹೆಸರಿನ ಸಮೇತ ಇದೆ. ಟೂರಿನಲ್ಲಿ ಮಾತ್ರ ಕೆಲಸಗಾರರೆಲ್ಲರ ಮುಖವೂ ಮಸುಕು, ಗಲ್ಲಾದಲ್ಲಿ ಕೂತ ಯಜಮಾನರದ್ದೂ ಮಸುಕು.

ಹರಿಹರದ ಕಥೆ ಬೇರೆ. ಅಲ್ಲಿಗೆ ಗಿರಾಕಿ ಊಟಕ್ಕೆ ಬರಲ್ಲ, ಆರ್ಡರ್ ಕೊಡಬೇಕು. ಹುಬ್ಬಳ್ಳಿಯವರೋ ಬೆಂಗಳೂರಿನವರೋ ಡ್ರಾಯಿಂಗ್ ಕಳಿಸುವ ಮೊದಲು, ಇವರ ಹತ್ರ ಯಾವ ಮಷಿನ್ ಇದೆ ಅಂತ ನೋಡ್ತಾರೆ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಗಿದ್ದು ಈ ತುಂಗಭದ್ರೆ ದಡದ ಊರಲ್ಲೇ. ಇಲ್ಲಿ ತಯಾರಾದ ಲೇತುಗಳು ದೇಶದ ಎಷ್ಟೋ ಕಾಲೇಜಿನ ವರ್ಕ್‌ಶಾಪಿಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಕೈಕಸುಬು ಮಾತ್ರ ಸಣ್ಣ ಶೆಡ್ಡುಗಳಲ್ಲಿ ಉಳಿದಿದೆ.

ಈ ಶೆಡ್ಡಿನಲ್ಲೂ ಅಂಥದ್ದೊಂದು ಹಳೇ ಲೇತು. ಮಗನಿಗೆ ಅದನ್ನು ಟಾರ್ಪಾಲಿನಲ್ಲಿ ಮುಚ್ಚಿ, ಹೊಸ ಸಿಎನ್‌ಸಿ ಒಂದನ್ನೇ ತೋರಿಸಬೇಕು ಅಂತಿತ್ತು. 'ಹಳೇದು ಕಂಡ್ರೆ ಆರ್ಡರ್ ಬರಲ್ಲ ಕಣಪ್ಪ' ಅಂತ ಅಪ್ಪನಿಗೆ ಹೇಳ್ತಿದ್ದ. ಯಜಮಾನರು ಅಂದಿದ್ದಿಷ್ಟೇ: 'ಸಿಎನ್‌ಸಿ ಸಾಲ ಯಾವ್ದು ತೀರುಸ್ತೈತೆ? ಅದೇ ಹಳೇದಲ್ವಾ?' ಮಗ ಸುಮ್ಮನಾದ. ಟಾರ್ಪಾಲು ಬಿಚ್ಚಿ, ಬೆಡ್ಡಿಗೆ ಎಣ್ಣೆ ಹಚ್ಚಿ, ಹಿತ್ತಾಳೆ ಪ್ಲೇಟು ಉಜ್ಜಿದ್ದೂ ಅವನೇ.

ಅಲ್ಲಿ ನಾವು ಮುಚ್ಚಿಸಿದ್ದು ಬೇರೆಯದನ್ನು. ಗೋಡೆಗೆ ಅಂಟಿಸಿದ್ದ ಗಿರಾಕಿಗಳ ಡ್ರಾಯಿಂಗ್, ಅರ್ಧ ಮುಗಿದ ಜಾಬು, ಚಲನ್ ಪುಸ್ತಕ. ಜೂಮ್ ಮಾಡಿದರೆ ಅಳತೆ ಓದೋಕೆ ಬರುತ್ತೆ, ಅದು ಬೇರೆಯವರ ಗುಟ್ಟು. ಚಕ್ಕಿನಿಂದ ಕೀ ತೆಗೆಸಿ, ನೆಲದ ಮೇಲಿನ ಚಿಪ್ಸ್ ಗುಡಿಸಿಸಿದೆವು. ಕೆಲಸದ ಹುಡುಗರಿಗೆ ಫೋಟೋಗೆ ಮಾತ್ರ ಹೊಸ ಹೆಲ್ಮೆಟ್, ಗಾಗಲ್ಸ್ ಹಾಕಿಸೋಣ್ವಾ ಅಂತ ಮಗ ಕೇಳಿದ. ದಿನಾ ಹಾಕ್ಕೊಳ್ಳೋದಾದ್ರೆ ತೆಗೀತೀವಿ, ಇಲ್ಲಾಂದ್ರೆ ಊಟದ ಹೊತ್ತಲ್ಲಿ ಖಾಲಿ ಶೆಡ್ ತೆಗೀತೀವಿ ಅಂದೆವು. ಖಾಲಿ ಶೆಡ್ಡೇ ತೆಗೆದೆವು. ಯಜಮಾನರು ಗಾಗಲ್ಸಿನ ರೇಟು ಮಾತ್ರ ಕೇಳಿ ಬರ್ಕೊಂಡರು. ತಂದರೋ ಇಲ್ವೋ, ಮುಂದಿನ ಸಲ ಹೋದಾಗ ನೋಡಬೇಕು.

ನಿಮ್ಮ ಮನೆಯದ್ದೋ ಪರಿಚಯದವರದ್ದೋ ಅಂಗಡಿ ಇದ್ದರೆ, ಫೋಟೋದವರು ಬರುವ ಹಿಂದಿನ ದಿನ ಹೀಗೆ ಮಾಡಿ. ಅಂಗಡಿಯ ನಡುವೆ ನಿಂತು ಮೆಲ್ಲಗೆ ಒಂದು ಸುತ್ತು ತಿರುಗಿ, ಮೇಲೆ ಕೆಳಗೂ ನೋಡಿ. ಕಂಡದ್ದನ್ನು ಮೂರು ಪಟ್ಟಿ ಮಾಡಿ: ಕೊಳೆ, ಬೇರೆಯವರ ಗುಟ್ಟು, ಕೆಲಸದ ಗುರುತು. ಮೊದಲನೆಯದನ್ನು ತೊಳೆಯಿರಿ, ಎರಡನೆಯದನ್ನು ಮುಚ್ಚಿ. ಮೂರನೆಯದನ್ನು ಮುಟ್ಟುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಒಂದು ಮಾತು ಕೇಳಿ.