ಅರಸಿಯ ಕೆರೆ, ಕುಂಬಾರಗೇರಿ ಮತ್ತು ದೇವರ ಪಾದರಕ್ಷೆ

ಹಗರೆ ದಾರಿಯ ಊರು. ಹಾಸನದ ಕಡೆಯಿಂದ ಬಂದವರು ಇಲ್ಲಿ ನೇರವಾಗಿ ಸಾಗಿದರೆ ಬೇಲೂರು, ಬಲಕ್ಕೆ ತಿರುಗಿದರೆ ಹಳೇಬೀಡು. ಹಳೇಬೀಡನ್ನು ದಾಟಿ ಜಾವಗಲ್, ಬಾಣಾವರಗಳ ಮೇಲೆ ಹಾಯ್ದರೆ ಅರಸೀಕೆರೆ. ದೇಶವಿದೇಶಗಳಿಂದ ಬರುವ ಪ್ರವಾಸಿಗರು ಇಲ್ಲಿ ಒಂದು ಲೋಟ ಕಾಫಿ ಕುಡಿದು, ಇನ್ನೆಷ್ಟು ದೂರವೆಂದು ವಿಚಾರಿಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಅವರು ನೋಡಲು ಬಂದಿರುವುದು ಹೊಯ್ಸಳರ ಕಲ್ಲನ್ನು, ಅದು ಸರಿಯೇ. ಆದರೆ ಈ ಸೀಮೆಯ ಮಕ್ಕಳಿಗೆ ಬಹುಕಾಲ ಸಮಾಜ ವಿಜ್ಞಾನ ಪಾಠ ಹೇಳಿದ ನನಗೆ, ಕಲ್ಲಿನ ಜೊತೆಗೇ ಇನ್ನೊಂದು ಚರಿತ್ರೆಯೂ ಈ ದಾರಿಗಳ ಇಕ್ಕೆಲಗಳಲ್ಲಿ ಬದುಕಿಕೊಂಡು ಬಂದಿದೆ ಎಂಬುದು ವರ್ಷ ಕಳೆದಂತೆ ಹೆಚ್ಚು ಹೆಚ್ಚು ಮನವರಿಕೆಯಾಗಿದೆ. ಅದು ಜನರ ಬಾಯಲ್ಲಿರುವ ಚರಿತ್ರೆ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಒಮ್ಮೆ ತರಗತಿಯಲ್ಲಿ ಹೊಯ್ಸಳರ ಪಾಠ ನಡೆದಿತ್ತು. ಅಂಗಡಿಯ ಗುಡಿಯ ಬಳಿ ಸಳನೆಂಬ ತರುಣ ಗುರುವಿನ ಮಾತಿನಂತೆ ಹುಲಿಯನ್ನು ಹೊಡೆದದ್ದು, ವಿಷ್ಣುವರ್ಧನನು ತಲಕಾಡನ್ನು ಗೆದ್ದದ್ದು, ನಾಟ್ಯರಾಣಿ ಶಾಂತಲೆ, ವೀರಬಲ್ಲಾಳ, ಎಲ್ಲವನ್ನೂ ಕ್ರಮವಾಗಿ ಹೇಳಿ, ಏನಾದರೂ ಕೇಳುವುದಿದೆಯೇ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ರಾಜ ಅವ್ನೆ, ರಾಣಿ ಅವ್ಳೆ, ಮಂತ್ರಿ ಅವ್ನೆ. ನಮ್ಮೋರು ಎಲ್ಲವ್ರೆ ಸಾ?" ಎಂದು ಕೇಳಿದ. ಅವನ ಮನೆಯಲ್ಲಿ ಮಡಕೆ ಮಾಡುತ್ತಿದ್ದರು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ನಾನು ಪಠ್ಯಪುಸ್ತಕವನ್ನು ಮುಚ್ಚಿಟ್ಟು ಹಳೇಬೀಡಿನ ಒಂದು ಕಥೆಯನ್ನು ಹೇಳಿದೆ. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು.

ದೋರಸಮುದ್ರದ ಅರಸನ ಮನೆಗೆ ಅವನ ತಂಗಿ ತನ್ನ ಇಬ್ಬರು ಗಂಡುಮಕ್ಕಳೊಡನೆ ಬಂದಳಂತೆ. ಅರಮನೆಯ ಹೆಣ್ಣೊಬ್ಬಳು ಆ ಸುಂದರ ತರುಣರಿಗೆ ಮನಸೋತಳು. ಅವರು ಒಪ್ಪಲಿಲ್ಲ. ತಿರಸ್ಕಾರದಿಂದ ಕೆರಳಿದ ಅವಳು ಅವರ ಮೇಲೆಯೇ ಅಪವಾದ ಹೊರಿಸಿದಳು. ಅರಸನು ವಿಚಾರ ಮಾಡದೆ ಸೋದರಳಿಯಂದಿರನ್ನು ಶೂಲಕ್ಕೇರಿಸಿದನು. ತಂಗಿಗೆ ಯಾರೂ ಅನ್ನ ನೀರು ಕೊಡಕೂಡದೆಂದು ಊರಿಗೆಲ್ಲ ಡಂಗುರ ಹೊಡೆಸಿದನು. ಮಕ್ಕಳನ್ನು ಕಳೆದುಕೊಂಡ ತಾಯಿ ಬೀದಿಬೀದಿ ಅಲೆದು ಬಾಯಾರಿ ನೀರು ಕೇಳಿದಳು. ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಕುಂಬಾರಗೇರಿಯಲ್ಲಿ ಮಾತ್ರ ಅವಳಿಗೆ ನೀರು ಸಿಕ್ಕಿತು. ಕುಡಿದು, ತಣಿದು, "ಈ ಪಟ್ಟಣ ಹಾಳಾಗಲಿ, ಕುಂಬಾರಗೇರಿಯೊಂದು ಉಳಿಯಲಿ" ಎಂದು ಅವಳು ಶಾಪವಿತ್ತಳಂತೆ. ಹೇಳುವವರು ಬದಲಾದಂತೆ ಕಥೆಯ ವಿವರಗಳು ಬದಲಾಗುತ್ತವೆ; ತಿರುಳು ಮಾತ್ರ ಇದೇ.

ಇತಿಹಾಸ ಹೇಳುವುದು ಬೇರೆ. 1311ರಲ್ಲಿ ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲ್ಲಿಕ್ ಕಾಫರನು ದೋರಸಮುದ್ರದ ಮೇಲೆ ಬಂದು ಅಪಾರ ಸಂಪತ್ತನ್ನು ಕೊಂಡೊಯ್ದನು. ಅನಂತರ ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಮತ್ತೊಂದು ದಾಳಿಯಾಯಿತು. ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯ ಕಡೆಗೆ ತನ್ನ ನೆಲೆಯನ್ನು ಬದಲಿಸಿದನು. ವೈಭವದ ರಾಜಧಾನಿ 'ಹಳೆಯ ಬೀಡು' ಎನಿಸಿಕೊಂಡಿತು. ಹೊಯ್ಸಳೇಶ್ವರ ದೇವಾಲಯವೂ ಪೂರ್ಣಗೊಳ್ಳದೆಯೇ ಉಳಿಯಿತು. ತಂಗಿಯ ಕಥೆಗೆ ಶಾಸನದ ಆಧಾರವಿಲ್ಲ.

ಹಾಗಾದರೆ ಆ ಕಥೆ ಸುಳ್ಳೇ? ನಾನು ಹಾಗೆ ಹೇಳಲಾರೆ. ನಗರ ಹಾಳಾದದ್ದು ಹೇಗೆಂಬುದನ್ನು ಅದು ಹೇಳುವುದಿಲ್ಲ, ನಿಜ. ಆದರೆ ಯಾವ ನಗರ ಉಳಿಯಲು ಯೋಗ್ಯ ಎಂಬುದನ್ನು ಅದು ಹೇಳುತ್ತದೆ. ವಿಚಾರಣೆಯಿಲ್ಲದೆ ಶಿಕ್ಷಿಸುವ ಅರಸನಿಗಿಂತ, ಅವನ ಆಜ್ಞೆಯನ್ನು ಮೀರಿ ಒಂದು ಗಡಿಗೆ ನೀರು ಕೊಟ್ಟವರು ದೊಡ್ಡವರು ಎಂದು ಈ ನಾಡಿನ ಜನ ತೀರ್ಪು ಕೊಟ್ಟಿದ್ದಾರೆ. ಆ ತೀರ್ಪನ್ನು ಕಲ್ಲಿನ ಮೇಲೆ ಬರೆಸುವ ಶಕ್ತಿ ಅವರಿಗಿರಲಿಲ್ಲ. ಆದ್ದರಿಂದ ಕಥೆಯಲ್ಲಿ ಬರೆದಿಟ್ಟರು. ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಅಂದು ಹೇಳಿದ್ದು ಇಷ್ಟೇ: "ನಿಮ್ಮೋರು ಇಲ್ಲವ್ರೆ ಕಣಪ್ಪ. ಊರೆಲ್ಲ ಬಾಗಿಲು ಹಾಕಿಕೊಂಡಾಗ ತೆಗೆದ ಬಾಗಿಲು ನಿಮ್ಮೋರದು."

ಅರಸೀಕೆರೆಯ ಹೆಸರಿನಲ್ಲಿಯೂ ಇಂಥದೇ ಒಂದು ತೀರ್ಪಿದೆ. ಇಂದು ಅರಸೀಕೆರೆಯೆಂದರೆ ತೆಂಗು, ಕೊಬ್ಬರಿಯ ವಹಿವಾಟು ಮತ್ತು ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರುಗಳ ದಾರಿ ಕೂಡುವುದು ಅಲ್ಲಿಯೇ. ಹೊಯ್ಸಳರ ಕಾಲದಲ್ಲಿಯೂ ಅದು ಸಾಮಾನ್ಯ ಊರಾಗಿರಲಿಲ್ಲ. 1220ರ ಸುಮಾರಿನ ಶಿವಾಲಯವನ್ನು, ಅದರ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಿದವರಿಗೆ ಇದು ತಿಳಿದೀತು. ಅದೇ ಕಾಲದಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅಲ್ಲಿದೆ. ಶಾಸನಗಳಲ್ಲಿ ಈ ಊರಿಗೆ ಉದ್ಭವ ಸರ್ವಜ್ಞ ವಿಜಯ, ಬಲ್ಲಾಳಪುರ ಮುಂತಾದ ಘನವಾದ ಹೆಸರುಗಳಿವೆ. ಬಲ್ಲಾಳಪುರವೆಂದರೆ ಚಕ್ರವರ್ತಿಯ ಹೆಸರಿನ ಊರು. ಆ ಹೆಸರುಗಳಲ್ಲಿ ಒಂದಾದರೂ ಜನರ ನಾಲಿಗೆಯ ಮೇಲೆ ನಿಂತಿತೇ? ಇಲ್ಲ. ಒಬ್ಬ ಅರಸಿ ಕೆರೆಯೊಂದನ್ನು ಕಟ್ಟಿಸಿದಳೆಂಬ ನೆನಪೇ ನಿಂತಿತು. ಊರು 'ಅರಸಿಯ ಕೆರೆ'ಯಾಯಿತು. ಆ ಅರಸಿಯ ಹೆಸರೇನೆಂದು ಜನ ಕೇಳಲಿಲ್ಲ. ಅವಳು ನೀರು ಕೊಟ್ಟಳು ಎಂಬುದಷ್ಟೇ ಅವರಿಗೆ ಸಾಕಾಗಿತ್ತು. ರೈಲಿನಲ್ಲಿ ಅರಸೀಕೆರೆ ಬಂದಾಗಲೆಲ್ಲ ಫಲಕದ ಮೇಲಿನ ಹೆಸರನ್ನು ಓದಿ, ಎಂಟುನೂರು ವರ್ಷಗಳ ಹಿಂದಿನ ಒಂದು ಉಪಕಾರವನ್ನು ಜನ ಇನ್ನೂ ತೀರಿಸುತ್ತಿದ್ದಾರಲ್ಲಾ ಎಂದುಕೊಳ್ಳುತ್ತೇನೆ.

ಯೋಚಿಸಿ ನೋಡಿದರೆ ದೋರಸಮುದ್ರವೂ ನೀರಿನ ಹೆಸರೇ. ಅಲ್ಲಿನ ಹಿರಿಯ ಕೆರೆಯೇ ಆ ಸಮುದ್ರ. ಹೊಯ್ಸಳೇಶ್ವರವನ್ನು ನೋಡಿ ಬೆರಗಾಗುವವರು ಅದರ ಬಳಿಯಲ್ಲಿಯೇ ಇರುವ ಈ ಕೆರೆಯ ಏರಿಯ ಮೇಲೆ ಐದು ನಿಮಿಷ ನಿಲ್ಲುವುದು ಅಪರೂಪ. ಕೆರೆಯಿಲ್ಲದೆ ಆ ರಾಜಧಾನಿಯೇ ಇರುತ್ತಿರಲಿಲ್ಲ. ಸಾವಿರಾರು ಜನ ಕಲ್ಲುಕುಟಿಗರಿಗೆ, ಕೂಲಿಗಳಿಗೆ, ಆನೆ ಕುದುರೆಗಳಿಗೆ ನೀರೆಲ್ಲಿಂದ ಬರಬೇಕಿತ್ತು? ಹಳೇಬೀಡಿನ ಸಮೀಪದ ಹುಲಿಕೆರೆಯ ಕೊಳವನ್ನು ನೀವು ನೋಡಿದ್ದೀರಿ, ನೋಡದವರು ನೋಡಲೇಬೇಕು. ಮೆಟ್ಟಿಲಿಳಿದಂತೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ನೀರು ತುಂಬುವ ತಾಣವನ್ನು ದೇವರ ತಾಣದಂತೆಯೇ ಕಟ್ಟಿದ್ದಾರೆ. ಯಗಚಿಯ ನೀರನ್ನು ರಣಘಟ್ಟದಿಂದ ಕಾಲುವೆ ತೋಡಿ ದೋರಸಮುದ್ರಕ್ಕೆ ತರುತ್ತಿದ್ದರೆಂಬ ಮಾತು ಈ ಭಾಗದ ರೈತರ ಬಾಯಲ್ಲಿ ಮೊದಲಿನಿಂದಲೂ ಇದೆ. ಮಳೆ ಕೈಕೊಟ್ಟು ಕೆರೆ ಒಣಗಿದ ವರ್ಷಗಳಲ್ಲಿ ಹಳೇಬೀಡು, ಮಾದಿಹಳ್ಳಿ ಕಡೆಯ ರೈತರು ನೀರಿಗಾಗಿ ಹೋರಾಟಕ್ಕಿಳಿದಾಗ ಅವರ ಬೇಡಿಕೆಯಲ್ಲಿದ್ದದ್ದು ಇದೇ ರಣಘಟ್ಟದ ಹೆಸರು. ಆ ಹೆಸರಿನಲ್ಲಿಯೇ ಸರ್ಕಾರದ ನೀರಾವರಿ ಯೋಜನೆಯೂ ರೂಪುಗೊಂಡಿತು. ಅಜ್ಜಂದಿರು ಹೇಳುತ್ತಿದ್ದ ಮಾತು ಕೇವಲ ಕಾಲಹರಣದ ಮಾತಲ್ಲ, ಕೆಲವೊಮ್ಮೆ ಅದು ನೀರಿನ ದಾರಿಯ ನಕ್ಷೆಯೂ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹೀಗೆಂದು ಜನರ ಕಥೆಯೆಲ್ಲವೂ ನ್ಯಾಯವಾದದ್ದು ಎಂದು ನಾನು ಹೇಳುತ್ತಿಲ್ಲ. ಬೇಲೂರಿನ ಜಕಣಾಚಾರಿಯ ಕಥೆಯನ್ನೇ ತೆಗೆದುಕೊಳ್ಳಿ. ತಂದೆ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಗುರುತಿಲ್ಲದ ತರುಣನೊಬ್ಬ ಹೇಳುತ್ತಾನೆ. ತಂದೆ ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆ ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗದೆ, ಅಲ್ಲಿ ಉಳಿ ತಾಗಿಸಿದರೆ ನೀರಿನೊಡನೆ ಕಪ್ಪೆ ಹೊರಬರುತ್ತದೆ. ತಂದೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತಾನೆ. ಆ ತರುಣ ತನ್ನ ಮಗ ಡಕಣಾಚಾರಿ ಎಂಬುದು ಅನಂತರ ತಿಳಿಯುತ್ತದೆ. ತುಮಕೂರಿನ ಬಳಿಯ ಕೈದಾಳದಲ್ಲಿ ದೇವಾಲಯ ಕಟ್ಟಿದ ಮೇಲೆ ಅವನಿಗೆ ಕೈ ಮರಳಿ ಬರುತ್ತದೆ. ಎಂಥ ಹೃದಯಸ್ಪರ್ಶಿಯಾದ ಕಥೆ! ಆದರೆ ಅದು ನೂರಾರು ಶಿಲ್ಪಿಗಳ ದುಡಿಮೆಯನ್ನು ಒಬ್ಬನ ಹೆಸರಿಗೆ ಬರೆದುಬಿಟ್ಟಿತು. ಇಲ್ಲಿ ಕಥೆಯನ್ನು ತಿದ್ದುವುದು ಕಲ್ಲು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರನ್ನು ನಾವು ಅಲ್ಲಿ ಕಾಣುತ್ತೇವೆ. ಮದನಿಕೆಯ ಮುಖವನ್ನಷ್ಟೇ ನೋಡದೆ ಅವಳ ಪಾದದ ಬಳಿಯ ಆ ನಾಲ್ಕು ಅಕ್ಷರಗಳನ್ನೂ ಓದಲು ಪ್ರಯತ್ನಿಸಿ ಎಂದು ನಾನು ಪ್ರವಾಸಕ್ಕೆ ಕರೆದೊಯ್ದ ಮಕ್ಕಳಿಗೆ ಹೇಳುತ್ತಿದ್ದೆ. ಜನಪದ ಮರೆತವರನ್ನು ಶಾಸನ ನೆನಪಿಡುತ್ತದೆ. ಶಾಸನ ಮರೆತವರನ್ನು ಜನಪದ ನೆನಪಿಡುತ್ತದೆ. ಎರಡನ್ನೂ ಓದದವನಿಗೆ ಅರ್ಧ ಚರಿತ್ರೆ ಮಾತ್ರ ದಕ್ಕುತ್ತದೆ.

ಬೇಲೂರಿನದೇ ಇನ್ನೊಂದು ಐತಿಹ್ಯ ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡಿದೆ. ಚೆನ್ನಕೇಶವನನ್ನು ಬಾಬಾಬುಡನ್‌ಗಿರಿಯಿಂದ ತಂದಾಗ ದೇವಿ ಅಲ್ಲಿಯೇ ಉಳಿದಳಂತೆ. ಆಗಾಗ ಸ್ವಾಮಿಯೇ ಬೆಟ್ಟ ಹತ್ತಿ ಅವಳನ್ನು ನೋಡಲು ಹೋಗುತ್ತಾನಂತೆ. ದೇವರಾದರೇನು, ಅಷ್ಟು ದೂರ ನಡೆದರೆ ಪಾದರಕ್ಷೆ ಸವೆಯದೇ? ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಚಮ್ಮಾರರಿಗೆ ಕನಸಿನಲ್ಲಿ ಸೂಚನೆಯಾಗುತ್ತದೆ. ಅವರು ಹೊಸ ಜೊತೆ ಮಾಡಿ ತಂದು ಒಪ್ಪಿಸುತ್ತಾರೆ. ಹಾಗೆ ಒಪ್ಪಿಸುವಾಗ ಅವರಿಗೆ ದೇವಾಲಯದ ಅಂಗಳದವರೆಗೆ ಪ್ರವೇಶವಿತ್ತೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಿ.ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಭಕ್ತಿಯಿಂದ ಕೈಮುಗಿಯುತ್ತಾರೆ. ಮುಗಿಯಲಿ. ಆದರೆ 'ಅಂಗಳದವರೆಗೆ' ಎಂಬ ಮಾತಿನ ಬಳಿ ಒಂದು ಗಳಿಗೆ ನಿಲ್ಲಬೇಕು. ದೇವರು ಕನಸಿನಲ್ಲಿ ಬರುವುದು ಅವರಿಗೆ, ದೇವರ ಪಾದದ ಅಳತೆ ಗೊತ್ತಿರುವುದು ಅವರಿಗೆ, ಒಳಗೆ ಪ್ರವೇಶವಿಲ್ಲದ್ದೂ ಅವರಿಗೇ. ಒಂದೇ ಕಥೆಯಲ್ಲಿ ಗೌರವವೂ ಇದೆ, ಗೋಡೆಯೂ ಇದೆ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿಯನ್ನು ಪಾಠ ಮಾಡುವಾಗ ನಾನು ಈ ಪಾದರಕ್ಷೆಯ ಕಥೆಯನ್ನು ಹೇಳುತ್ತಿದ್ದೆ. ಎಷ್ಟು ವ್ಯಾಖ್ಯಾನ ಮಾಡಿದರೂ ಅರ್ಥವಾಗದಿದ್ದದ್ದು ಅದರಿಂದ ಮಕ್ಕಳಿಗೆ ಕ್ಷಣದಲ್ಲಿ ಅರ್ಥವಾಗುತ್ತಿತ್ತು. ನಮ್ಮ ಹಿರಿಯರ ಕಥೆಗಳನ್ನು ಉಳಿಸಿಕೊಳ್ಳಬೇಕು ಎಂದರೆ ಅವುಗಳ ಸಿಹಿಯನ್ನು ಮಾತ್ರ ಉಳಿಸಿಕೊಳ್ಳುವುದಲ್ಲ. ಕಹಿಯನ್ನೂ ಮುಚ್ಚಿಡದೆ ಹೇಳುವುದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಸುದ್ದಿಯನ್ನು ಓದಿ ನನಗಾದ ಹರ್ಷ ಅಷ್ಟಿಷ್ಟಲ್ಲ. ಕಲ್ಲಿಗೆ ಇನ್ನು ಕಾವಲುಗಾರರಿದ್ದಾರೆ, ತಜ್ಞರಿದ್ದಾರೆ, ಜಗತ್ತಿನ ಕಣ್ಣಿದೆ. ಕಥೆಗೆ ಯಾರಿದ್ದಾರೆ? ಅದರ ಕಾವಲುಗಾರರೆಂದರೆ ನಮ್ಮ ಮನೆಯ ಅಜ್ಜಿಯಂದಿರು, ಹಬ್ಬದ ದಿನ ಜಗುಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯರು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರೊಡನೆ ಕೆರೆಯ ತೂಬಿನ ಹೆಸರು, ಹೊಲದ ಹೆಸರು, ಹಾಳು ಗುಡಿಯ ದೇವರ ಹೆಸರು, ಆ ಹೆಸರುಗಳ ಹಿಂದಿನ ಕಾರಣಗಳೆಲ್ಲವೂ ಹೋಗುತ್ತಿವೆ. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಬಹುದು. ಮರೆತುಹೋದ ಹೆಸರನ್ನು ಯಾವ ಇಲಾಖೆ ತಾನೇ ಎತ್ತಿ ನಿಲ್ಲಿಸೀತು?

ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಇಂದು ಬೆಂಗಳೂರಿನಲ್ಲಿದ್ದೀರಿ, ಕೆಲವರು ಸಮುದ್ರದಾಚೆಗೂ ಹೋಗಿದ್ದೀರಿ. ದುಡಿಮೆಗಾಗಿ ಊರು ಬಿಡುವುದು ತಪ್ಪೇನಲ್ಲ; ಬಳ್ಳಿಗಾವೆಯ ದಾಸೋಜನೂ ಊರು ಬಿಟ್ಟೇ ಬೇಲೂರಿಗೆ ಬಂದವನು. ಆದರೆ ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ನಮ್ಮೂರಿಗೆ ಈ ಹೆಸರು ಏಕೆ ಬಂತು, ನಮ್ಮ ಕೆರೆಯನ್ನು ಕಟ್ಟಿಸಿದವರು ಯಾರಂತೆ, ಬರಗಾಲದಲ್ಲಿ ಯಾರ ಮನೆಯ ಬಾವಿ ಬತ್ತಲಿಲ್ಲವಂತೆ ಎಂದು ಕೇಳಿ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಅವರ ದನಿಯನ್ನು ಹಿಡಿದಿಡಿ. ಹೇಳುವವರು ಕೇಳಿಸಿಕೊಳ್ಳುವವರಿಗಾಗಿ ಕಾದಿದ್ದಾರೆ. ಒಂದು ಪ್ರಶ್ನೆ ಕೇಳಿದರೆ ಹತ್ತು ಕಥೆ ಹೊರಬರುತ್ತವೆ. ಅವುಗಳಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂಬುದನ್ನು ನಿಧಾನವಾಗಿ ವಿಂಗಡಿಸೋಣ. ಮೊದಲು ಅವು ನಮ್ಮ ಕೈಗೆ ಬರಲಿ.

ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹೊಯ್ಸಳೇಶ್ವರದ ಆನೆಗಳ ಸಾಲನ್ನು ತೋರಿಸಿದ ಮೇಲೆ ಹಾಗೆಯೇ ಕೆರೆಯ ಏರಿಯ ಮೇಲೂ ಒಂದಿಷ್ಟು ದೂರ ನಡೆಸಿಕೊಂಡು ಹೋಗಿ, ಕುಂಬಾರಗೇರಿಯ ಕಥೆ ಹೇಳಿ. ಕಥೆ ಮುಗಿಯುವ ಹೊತ್ತಿಗೆ ಮಗುವಿಗೆ ಬಾಯಾರಿಕೆಯಾಗಿ ನೀರು ಕೇಳಿದರೆ, ಕೊಡುವಾಗ ಆ ಕಥೆಯ ಅರ್ಥ ನಿಮಗೂ ಇನ್ನೊಮ್ಮೆ ಆದೀತು. ಎಲ್ಲರಿಗೂ ಒಳ್ಳೆಯದಾಗಲಿ.