ಹೊಸಪೇಟೆ ಸ್ಟೇಷನ್ನಿನಲ್ಲಿ ಒಂದು ರಾತ್ರಿ

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವೇನೋ ಇದೆ. ಆದರೆ ಹಂಪಿ ನೋಡಿ ಬೆಳಗಿನ ಜಾವದ ರೈಲು ಹಿಡಿಯುವ ನಮ್ಮಂಥವರಿಗೆ, ಸುಮಾರು 13 ಕಿಲೋಮೀಟರು ದೂರದ ಹೊಸಪೇಟೆ ಸ್ಟೇಷನ್ನೇ ಗತಿ. ಹಿಂದೆ ಜಾತ್ರೆಗೆ ಬಂದವರು ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲೇ ಮಲಗೇಳುತ್ತಿದ್ದರು. 2011ರಲ್ಲಿ ಅಲ್ಲಿನ ಮನೆ, ಅಂಗಡಿಗಳನ್ನು ತೆರವು ಮಾಡಿದ ಮೇಲೆ, ಕತ್ತಲಾದರೆ ಹೆಂಗಸರಿಗೆ ಆ ಸಾಲಿನಲ್ಲಿ ಆಸರೆ ಸಿಗದು.

ಹೆಂಗಸರ ವೇಟಿಂಗ್ ರೂಮಿನಲ್ಲಿ ನನಗೆ ಜೊತೆಯಾದವರು ಕಂಪ್ಲಿಯ ಅಜ್ಜಿ. ಮಗಳ ಬಾಣಂತನಕ್ಕೆ ಹೊರಟಿದ್ದರು. ಮಡಿಲಲ್ಲಿ ಅಂಟಿನುಂಡೆ ಡಬ್ಬಿ. "ಯವ್ವಾ, ಚೀಲ ತಲಿಗಿಟ್ಕೊಂಡು ಮಲಕ್ಕೋ, ನಾ ಎದ್ದಿರ್ತೀನಿ" ಎಂದರು. ಎರಡು ಗಂಟೆಗೆ ಎಬ್ಬಿಸಿ, ತಾವು ಮಲಗಿದರು. ಒಂಟಿಯಾಗಿದ್ದರೆ ನಾನಂತೂ ಕಣ್ಣು ಮುಚ್ಚುತ್ತಿರಲಿಲ್ಲ.

ಹೋಗುವವರು ದಪ್ಪ ಹೊದಿಕೆಯೊಂದನ್ನು ಒಯ್ಯಿರಿ. ಬಿಸಿಲೂರೆಂದು ನಂಬಬೇಡಿ, ಮಾಗಿಯ ಬೆಳಗಿನ ಜಾವಕ್ಕೆ ಬೆಂಚು ತಣ್ಣಗೆ ಕೊರೆಯುತ್ತದೆ.